ಎಳ್ಳಮಾವಾಸ್ಯೆ: ಹೊಲದಲ್ಲಿ ಹಬ್ಬ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಮನೆಮಂದಿಯೆಲ್ಲ ಊರು ಬಿಟ್ಟು ಹೊಲದಲ್ಲಿ ಆಚರಿಸುವ ಹಬ್ಬ ಎಳ್ಳಮಾವಾಸ್ಯೆ. ಮಾರ್ಗಶಿರ ಮಾಸದ ಅಮಾವಾಸ್ಯೆಯಂದು, ಸಾಮಾನ್ಯವಾಗಿ ಡಿಸೆಂಬರ್ ಅಥವಾ ಜನವರಿಯಲ್ಲಿ ಇದು ಬರುತ್ತದೆ. ಆಗ ಎರೆಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆ ಬೆಳೆದು ನಿಂತಿರುತ್ತವೆ.

ಅಡುಗೆಯ ಸಿದ್ಧತೆ ಮುಂಚೆಯೇ ಶುರುವಾಗುತ್ತದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಕಾಳುಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬುತ್ತಿಗೆ ಸೇರುತ್ತವೆ. ಹಿಂದೆ ಸಿಂಗರಿಸಿದ ಎತ್ತಿನ ಬಂಡಿಯಲ್ಲಿ ಹೋಗುತ್ತಿದ್ದವರು ಈಗ ಹೆಚ್ಚಾಗಿ ಟ್ರ್ಯಾಕ್ಟರ್, ಬೈಕುಗಳಲ್ಲಿ ಹೋಗುತ್ತಾರೆ.

ಹೊಲದಲ್ಲಿ, ಬನ್ನಿಗಿಡವಿದ್ದರೆ ಅದರ ಬುಡದಲ್ಲಿ, ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ ಎಡೆ ಹಿಡಿಯುತ್ತಾರೆ. ಬಳಿಕ ಅಡುಗೆಯನ್ನು ಕಲಸಿ, ಕೂಗುತ್ತಾ ಹೊಲದ ಸುತ್ತ ಎರಚುವುದೇ ಚರಗ ಚೆಲ್ಲುವುದು. ಬೆಳೆ ಹೊತ್ತ ಭೂತಾಯಿಗೆ ಇದು ಬಯಕೆಯ ಊಟವೆಂಬ ನಂಬಿಕೆಯಿದೆ. ಹಕ್ಕಿಗಳಿಗೂ ಅದರಲ್ಲಿ ಪಾಲು ಸಿಗುತ್ತದೆ.

ಪೂಜೆಯ ನಂತರ ಸಾಮೂಹಿಕ ಊಟ. ಬೀಗರು, ಗೆಳೆಯರು, ನೆರೆಯವರಿಗೆ ಆಮಂತ್ರಣವಿರುತ್ತದೆ. ಸ್ವಂತ ಹೊಲವಿಲ್ಲದ ನೇಕಾರರು, ನೌಕರರು, ವ್ಯಾಪಾರಿಗಳೂ ಪರಿಚಯದ ರೈತರ ಹೊಲಗಳಿಗೆ ಹೋಗುತ್ತಾರೆ. ಅಕ್ಕಪಕ್ಕದ ಹೊಲದವರು ಬುತ್ತಿ ಹಂಚಿಕೊಳ್ಳುತ್ತಾರೆ.