ಒಂದು ದಿನ, ಹಲವು ಹೆಸರು

ಕಲಬುರಗಿಯ ಸೇಡಂ ರಸ್ತೆಯಲ್ಲಿ ಮೂಡಲ ದಿಕ್ಕಿಗೆ ಹೊರಟವರು ಒಂದು ಸಂಗತಿಯನ್ನು ಕಾಣಬಹುದು. ನಗರದ ಹೆಸರು 2014ನೆಯ ನವೆಂಬರ್ 1ರಿಂದ ಕಲಬುರಗಿಯೆಂದಾಗಿದೆ. ಅದೇ ರಸ್ತೆಯ ವಿಶ್ವವಿದ್ಯಾಲಯವು ಗುಲಬರ್ಗಾ ಎಂಬ ಹೆಸರನ್ನೇ ಉಳಿಸಿಕೊಂಡಿದೆ. ಎರಡನ್ನೂ ಜನರು ಸಲೀಸಾಗಿ ಆಡುತ್ತಾರೆ. ಆದರೆ ಸೆಪ್ಟೆಂಬರ್ 17 ಬಂದಿತೆಂದರೆ, ಆ ದಿನವನ್ನು ಏನೆಂದು ಕರೆಯತಕ್ಕದ್ದೆಂಬುದೇ ದೊಡ್ಡ ವಾದವಾಗುತ್ತದೆ.

ಅಂದು ನಮ್ಮ ಜಿಲ್ಲೆಯು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆಯು ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ಟ್ಯಾಂಕು ವಿಮಾನಗಳೊಡನೆ ನಡೆದ ಈ ಕಾರ್ಯಕ್ಕೆ ಸರಕಾರವು ಇಟ್ಟ ಹೆಸರು ಪೊಲೀಸ್ ಕಾರ್ಯಾಚರಣೆ. ಯುದ್ಧವೆಂದರೆ ಎದುರಿಗೆ ಇನ್ನೊಂದು ರಾಷ್ಟ್ರವುಂಟೆಂದು ಒಪ್ಪಿದಂತಾಗುತ್ತಿತ್ತು. ನಿಜಾಮರ ಸರಕಾರವಾದರೋ ಆಗಲೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರನ್ನು ಒಯ್ದಿತ್ತು. ಪೊಲೀಸರ ಕೆಲಸವೆಂದಮೇಲೆ ಅದು ಮನೆಯೊಳಗಿನ ವಿಚಾರ. ಹೀಗೆ ಒಂದು ಪದವೇ ಅರ್ಧ ವಾದವನ್ನು ಮುಗಿಸಿತು.

ಇನ್ನೊಂದು ಪದದ ಕಥೆ ಇದಕ್ಕಿಂತ ದಾರುಣವಾದುದು. ರಜಾಕಾರ ಎಂದರೆ ಸ್ವಯಂಸೇವಕ. ಮೂಲದಲ್ಲಿ ಅಷ್ಟೇ ಅರ್ಥ. ಕಾಸಿಂ ರಜ್ವಿಯ ದಳದವರು ಊರೂರುಗಳಲ್ಲಿ ನಡೆಸಿದ ಸುಲಿಗೆ, ಕೊಲೆಗಳಿಂದ ಅದು ನಡುಕ ಹುಟ್ಟಿಸುವ ಪದವಾಯಿತು. ಆ ನಡುಕಕ್ಕೆ ಕಾರಣವಿತ್ತು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ನಡೆದ ಹತ್ಯೆಯನ್ನು ಈ ಭಾಗದವರು ಮರೆತಿಲ್ಲ. ಆದರೆ ದಳವು ಚದುರಿದ ಮೇಲೂ ಪದವು ಚದುರಲಿಲ್ಲ. ದಳದ ಮುಖವನ್ನೇ ಕಾಣದ ಬಡ ಮುಸಲ್ಮಾನರ ಮೇಲೂ ಅದು ಬಿದ್ದಿತು. ಪಂಡಿತ ಸುಂದರಲಾಲರ ಸಮಿತಿಯು ಸಂಚರಿಸಿ ಬರೆದ ವರದಿಯಲ್ಲಿ, ಕಾರ್ಯಾಚರಣೆಯ ವೇಳೆಯಲ್ಲಿಯೂ ಅನಂತರವೂ ಸತ್ತವರು 27,000ದಿಂದ 40,000ದವರೆಗೆ ಇರಬಹುದೆಂಬ ಅಂದಾಜಿದೆ. ಹೆಚ್ಚು ನೊಂದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಈ ವರದಿಯು ಬಹುಕಾಲ ಬೆಳಕು ಕಾಣಲಿಲ್ಲ. ಇದೇ ರಜಾಕಾರ ಪದವು ಬಾಂಗ್ಲಾದೇಶದಲ್ಲಿ 1971ರಿಂದ ದೇಶದ್ರೋಹಿಯೆಂಬ ಬೈಗುಳವಾಗಿದೆ. 2024ರಲ್ಲಿ ಅಲ್ಲಿನ ಪ್ರಧಾನಿಯ ಬಾಯಿಂದ ಅದು ಬಂದಾಗ ವಿದ್ಯಾರ್ಥಿಗಳು ಬೀದಿಗಿಳಿದರು.

ಈಗ ದಿನದ ಹೆಸರಿಗೆ ಬರೋಣ. 2022ರಲ್ಲಿ ಕೇಂದ್ರ ಸರಕಾರವು ಹೈದರಾಬಾದ್ ನಗರದಲ್ಲಿ ಅದನ್ನು ವಿಮೋಚನಾ ದಿನವೆಂದು ಆಚರಿಸಿತು. ಅದೇ ನಗರದಲ್ಲಿ, ಅದೇ ದಿನ, ತೆಲಂಗಾಣ ಸರಕಾರವು ರಾಷ್ಟ್ರೀಯ ಸಮಗ್ರತಾ ದಿನವೆಂದಿತು. ಮುಂದಿನ ಸರಕಾರವು 2024ರಲ್ಲಿ ಪ್ರಜಾಪಾಲನಾ ದಿನವೆಂದು ಮೂರನೆಯ ಹೆಸರನ್ನು ತಂದಿತು. ನಮ್ಮಲ್ಲಿ 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಗಿ, ವಿಮೋಚನಾ ದಿನವು ಕಲ್ಯಾಣ ಕರ್ನಾಟಕ ಉತ್ಸವವೆನಿಸಿತು. ವಿಮೋಚನೆಯೆಂದವರ ನೆನಪಿನಲ್ಲಿ ರಜಾಕಾರರ ಹಾವಳಿಯಿದೆ. ವಿಲೀನವೆಂಬುದೇ ಸಾಕೆನ್ನುವವರಲ್ಲಿ ಹಲವರ ನೆನಪಿನಲ್ಲಿ ಅನಂತರದ ಸಾವುಗಳಿವೆ. ಎರಡು ನೆನಪೂ ನಿಜವೇ. ಕೇಡು ಎಲ್ಲಿದೆಯೆಂದರೆ, ಮೊದಲ ಪದ ಕಿವಿಗೆ ಬಿದ್ದೊಡನೆ ಕೇಳುವವನು ಆಡಿದವನ ಪಕ್ಷವನ್ನು ಗೊತ್ತುಮಾಡಿ, ಮುಂದಿನ ಮಾತಿಗೆ ಕಿವಿ ಮುಚ್ಚುತ್ತಾನೆ.

ಪ್ರಿಯ ವಿದ್ಯಾರ್ಥಿನಿಯರೇ, ನಮ್ಮ ಶಾಲೆಯ ಒಂದೇ ಬೆಂಚಿನ ಮೇಲೆ ಈ ಎರಡೂ ಬಗೆಯ ಮನೆಗಳ ಮಕ್ಕಳು ಕುಳಿತಿರುತ್ತೀರಿ. ಪ್ರಬಂಧದ ಶಿರೋನಾಮೆಯನ್ನು ಯಾರೋ ಹಿರಿಯರು ಕೊಟ್ಟಿರುತ್ತಾರೆ. ಅದನ್ನು ನೀವು ಬದಲಿಸಲಾರಿರಿ. ಅದರ ಕೆಳಗೆ ಬರೆಯುವುದು ನಿಮ್ಮ ಕೈಯಲ್ಲಿದೆ. ಈ ಸೀಮೆಯ ಮುದುಕಿಯರು ಪೊಲೀಸ್ ಆಕ್ಷನ್ ಆದ ವರ್ಷವೆಂದು ಹೇಳಿ ಮದುವೆ, ಹೆರಿಗೆಗಳ ಲೆಕ್ಕವಿಡುತ್ತಿದ್ದರು. ಆ ವರ್ಷ ಯಾರು ಸೊಲ್ಲಾಪುರದ ಕಡೆಗೆ ಓಡಿದರು, ಯಾರು ಯಾರ ಮನೆಯಲ್ಲಿ ಅಡಗಿ ಉಳಿದರು, ಯಾರು ಹಿಂದಿರುಗಲಿಲ್ಲ ಎಂಬುದನ್ನು ಬಲ್ಲವರು ನಿಮ್ಮ ಮನೆಗಳಲ್ಲಿ ಇನ್ನೂ ಒಬ್ಬಿಬ್ಬರು ಇರಬಹುದು.