ಕಾಲಪೇಟಿಯ ಅಮೆರಿಕದ ನೆಂಟ

ಬನದ ಹುಣ್ಣಿಮೆಯ ಹೊತ್ತಿಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ಥಿಯೇಟರುಗಳು ಸಾಲಾಗಿ ಎದ್ದು ನಿಲ್ಲುತ್ತವೆ. ಶಿರೂರಿನ ಕಡೆಯ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಇಂದು ಅಲ್ಲಿ ಹೆಚ್ಚಾಗಿ ಕೇಳಿಬರುವುದು ಎಲೆಕ್ಟ್ರಾನಿಕ್ ಕೀಬೋರ್ಡು. ಹಿಂದೆ ಆ ಜಾಗದಲ್ಲಿ ಕಾಲಪೇಟಿ ಇತ್ತು. ಅಂದರೆ ಕಾಲಿನಿಂದ ತಿದಿ ಒತ್ತುತ್ತ ಎರಡೂ ಕೈಗಳಿಂದ ನುಡಿಸುವ ಹಾರ್ಮೋನಿಯಂ. ನಟ ಹಾಡುವಾಗ ಮೆತ್ತಗೆ ಬೆನ್ನಿಗಿದ್ದು, ಅವನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ತಾನು ಮುಂದೆ ಬರುವುದು ಪೇಟಿ ಮಾಸ್ತರರ ಜಾಣ್ಮೆ.

ಈ ಪೇಟಿಗೆ ಜಾಜ್ ಸಂಗೀತದಲ್ಲಿ ಒಬ್ಬ ನೆಂಟನಿದ್ದಾನೆ. ಅದೇ ಹ್ಯಾಮಂಡ್ ಆರ್ಗನ್. ದುಬಾರಿಯಾದ ಕೊಳವೆ ಆರ್ಗನ್ನನ್ನು ಕೊಳ್ಳಲಾಗದ ಚರ್ಚುಗಳಿಗೆ ಅನುಕೂಲವಾಗಲೆಂದು ಲಾರೆನ್ಸ್ ಹ್ಯಾಮಂಡ್ ಎಂಬ ಅಮೆರಿಕದ ಎಂಜಿನಿಯರ್ 1935ರಲ್ಲಿ ಇದನ್ನು ಮಾರಾಟಕ್ಕೆ ತಂದರು. ಇದರಲ್ಲಿ ತಿದಿಯೂ ಇಲ್ಲ, ಗಾಳಿಯೂ ಇಲ್ಲ. ಹಲ್ಲುಗಳುಳ್ಳ ಲೋಹದ ಚಕ್ರಗಳು ಆಯಸ್ಕಾಂತದ ಎದುರು ತಿರುಗಿ ವಿದ್ಯುತ್ ಕಂಪನವನ್ನು ಹುಟ್ಟಿಸುತ್ತವೆ; ಸ್ಪೀಕರು ಅದನ್ನು ನಾದವಾಗಿಸುತ್ತದೆ. ಕೈಗಳಿಗೆ ಎರಡು ಸಾಲು ಕೀಗಳು, ಕಾಲಿಗೆ ಮಂದ್ರ ಸ್ವರಗಳು, ದನಿಯನ್ನು ಏರಿಳಿಸಲು ಬೇರೊಂದು ಪೆಡಲು.

ಇಬ್ಬರಿಗೂ ಒಂದೇ ಕೊರತೆ: ಮೀಂಡ್ ಬಾರದು. ಪಿಟೀಲಿನಂತೆ ಸ್ವರದಿಂದ ಸ್ವರಕ್ಕೆ ಜಾರುವಂತಿಲ್ಲ. ಹಾರ್ಮೋನಿಯಂ ನಮ್ಮ ರಾಗಗಳಿಗೆ ಒಗ್ಗದೆಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟದ್ದು ಈ ವಾದದಿಂದಲೇ; ನಿಷೇಧ ಸಡಿಲವಾದದ್ದು 1971ರಲ್ಲಿ. ಆ ಮೂರು ದಶಕಗಳಲ್ಲೂ ಕಂಪನಿ ನಾಟಕಗಳು ಪೇಟಿಯನ್ನು ಬಿಡಲಿಲ್ಲ ಎಂಬುದನ್ನು ಮರೆಯಬಾರದು. ರಂಗಕ್ಕೆ ಬೇಕಿದ್ದುದು ಜಾರುವಿಕೆಗಿಂತ ಹೆಚ್ಚಾಗಿ ತಾಳದ ಬಿಗಿ, ಮತ್ತು ಕೊನೆಯ ಸಾಲಿನವರಿಗೂ ಮುಟ್ಟುವ ದನಿ.

ಜಿಮ್ಮಿ ಸ್ಮಿತ್ ಎಂಬ ಆರ್ಗನ್ ವಾದಕ 1962ರಲ್ಲಿ ಹೊರತಂದ 'ಬ್ಯಾಶಿನ್' ಎಂಬ ಧ್ವನಿಮುದ್ರಿಕೆಯಲ್ಲಿ ಇದೇ ಬಗೆಯ ಪ್ರಶ್ನೆ ಎದುರಾಗುತ್ತದೆ. ಬಿಗ್ ಬ್ಯಾಂಡ್ ಎಂದರೆ ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೊಫೋನ್‌ಗಳ ಹದಿನೈದು ಇಪ್ಪತ್ತು ಮಂದಿಯ ದೊಡ್ಡ ಮೇಳ. ಆರ್ಗನ್ನೋ ತಾನೊಂದೇ ಒಂದು ಮೇಳ. ಎರಡನ್ನೂ ಒಟ್ಟಿಗೆ ಬಿಟ್ಟರೆ ಬರೀ ಗದ್ದಲ! ಸಂಯೋಜಕ ಆಲಿವರ್ ನೆಲ್ಸನ್ ಸರದಿಯನ್ನು ಕಟ್ಟಿದರು. 'ವಾಕ್ ಆನ್ ದ ವೈಲ್ಡ್ ಸೈಡ್' ಎಂಬ ಚಲನಚಿತ್ರದ ಧಾಟಿಯನ್ನು ಮೊದಲು ಬ್ಯಾಂಡು ಮೂರರ ನಡೆಯಲ್ಲಿ ನುಡಿಸುತ್ತದೆ. ಆರ್ಗನ್ ತಡವಾಗಿ ಪ್ರವೇಶಿಸುತ್ತದೆ, ನಮ್ಮ ನಾಟಕದ ರಾಜಪಾರ್ಟಿನಂತೆ. ಆಮೇಲೆ ಬ್ಯಾಂಡು ಹಿಂದೆ ಸರಿದು, ನಡುನಡುವೆ ಚುಟುಕಾಗಿ ಗುದ್ದುತ್ತ ಅದನ್ನು ಹುರಿದುಂಬಿಸುತ್ತದೆ.

ಕೇಳುವಾಗ ಒಂದನ್ನು ಗಮನಿಸಿ. ಪಿಯಾನೋದ ಸ್ವರ ಹುಟ್ಟಿದೊಡನೆ ಕ್ಷೀಣಿಸತೊಡಗುತ್ತದೆ. ಆರ್ಗನ್ನಿನದು ಬೆರಳು ತೆಗೆಯುವ ತನಕ ಹಾಗೆಯೇ ನಿಲ್ಲುತ್ತದೆ, ತೆಗೆದೊಡನೆ ತಟ್ಟನೆ ಕಡಿಯುತ್ತದೆ. ಜಾರಲಾಗದ ವಾದ್ಯಕ್ಕೆ ಈ ನಿಲುವು, ಈ ಕಡಿತಗಳೇ ಅಲಂಕಾರ. ಸ್ಮಿತ್ ಅವುಗಳಿಂದಲೇ ಲಯ ಕಟ್ಟುತ್ತಾರೆ. ಈ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 21ನೆಯ ಸ್ಥಾನಕ್ಕೇರಿತು. ಜಾಜ್ ವಾದನಕ್ಕೆ ಅದು ಸಣ್ಣ ಮಾತಲ್ಲ.

ತಟ್ಟೆಯ ಎರಡನೆಯ ಬದಿಯಲ್ಲಿ ಬ್ಯಾಂಡೇ ಇಲ್ಲ. ಆರ್ಗನ್, ಗಿಟಾರ್, ಡ್ರಮ್ಸ್ ಈ ಮೂರೇ. ಮೊದಲ ಬದಿ ಕೇಳಿದ ಕಿವಿಯಿಂದಲೇ ಇದನ್ನೂ ಕೇಳಿದರೆ, ಅಲ್ಲಿ ಬೇಸ್ ವಾದ್ಯ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಸ್ಮಿತ್ ಅವರ ಎಡಗೈ ಎಷ್ಟು ಹೊತ್ತಿದೆ, ಕಾಲು ಎಷ್ಟು ಹೊತ್ತಿದೆ ಎಂಬುದು ಬಿಡಿಬಿಡಿಯಾಗಿ ತಿಳಿಯುತ್ತದೆ.