ಹಳೆಯ ಅಂಕ, ಹೊಸ ಓದು

"ಎಸ್ಸೆಸ್ಸೆಲ್ಸಿ ಪಾಸಾಗಿ ಹತ್ತು ವರ್ಷ ಆಯ್ತು ಕಣಕ್ಕ. ಬಂದಿದ್ದು ಬರೀ 37 ಪರ್ಸೆಂಟು. ನನ್ನ ಯಾರು ನರ್ಸಿಂಗ್‌ಗೆ ಸೇರಿಸ್ಕೊತಾರೆ? ಬುಡು."

ಹೀಗೆ ಹೇಳುವ ಹೆಣ್ಣುಮಕ್ಕಳು ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಊರೂರಲ್ಲೂ ಇದ್ದಾರೆ. ನಿಮ್ಮ ಮನೆಯಲ್ಲೂ ಇರಬಹುದು. ಮಗಳು, ಸೊಸೆ, ನಾದಿನಿ ಯಾರಾದರೂ ಆಗಬಹುದು. ಅವಳ ಅಂಕಪಟ್ಟಿ ಪೆಟ್ಟಿಗೆಯ ತಳದಲ್ಲಿ ಇರುತ್ತೆ. ಹೊರಗೆ ತೆಗೆಯಿರಿ. ಈಗ ನೀವೇ ಅದನ್ನು ಓದಬಹುದಲ್ಲ!

ನರ್ಸಿಂಗ್ ಶಾಲೆಯವರು ಮುಖ್ಯವಾಗಿ ನೋಡುವುದು ಎಸ್ಸೆಸ್ಸೆಲ್ಸಿ ಅಂಕವನ್ನಲ್ಲ, ಪಿಯುಸಿ ಅಂಕವನ್ನು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಿಲ್ಲದೆ ಮನೆಯಲ್ಲೇ ಕೂತುಬಿಡ್ತಾರೆ.

ನಮ್ಮ ಕಡೆಯವರಿಗೆ ಹತ್ತಿರದ ಓದು ಎರಡು. ಒಂದು ಎ.ಎನ್.ಎಂ. ಊರಿಗೆ ಬಂದು ಮಕ್ಕಳಿಗೆ ಚುಚ್ಚುಮದ್ದು ಹಾಕುವ, ಬಸುರಿಯರನ್ನು ನೋಡುವ ಸಿಸ್ಟರ್ ಓದಿರುವುದು ಇದನ್ನೇ. ಎರಡು ವರ್ಷದ ಓದು. ಹಿಂದೆ ಇದಕ್ಕೆ ಎಸ್ಸೆಸ್ಸೆಲ್ಸಿ ಸಾಕಾಗಿತ್ತು. ಈಗ ಪಿಯುಸಿ ಬೇಕು. ಕಲಾ ವಿಭಾಗ ಆದರೂ ನಡೆಯುತ್ತೆ. ಪಾಸಾಗಿದ್ದರೆ ಅರ್ಜಿ ಹಾಕಬಹುದು.

ಇನ್ನೊಂದು ಜಿ.ಎನ್.ಎಂ. ಆಸ್ಪತ್ರೆಯ ನರ್ಸ್ ಕೆಲಸಕ್ಕೆ ಮೂರು ವರ್ಷದ ಓದು. ಪಿಯುಸಿಯಲ್ಲಿ ನೂರಕ್ಕೆ 40 ಅಂಕ ಬೇಕು. ಅಂದರೆ 600ಕ್ಕೆ 240. ಇಂಗ್ಲಿಷ್ ಒಂದರಲ್ಲೇ ನೂರಕ್ಕೆ 40 ಬೇಕು. ನಮ್ಮ ಹುಡುಗಿಯರು ಎಡವುವುದು ಇಲ್ಲೇ. ಒಟ್ಟು ಅಂಕ ಇರುತ್ತೆ, ಇಂಗ್ಲಿಷಿನಲ್ಲಿ 36 ಬಂದಿರುತ್ತೆ. ಅದಕ್ಕೇ ಮೊದಲು ಇಂಗ್ಲಿಷಿನ ಸಾಲನ್ನು ನೋಡಿ.

ಎರಡಕ್ಕೂ ವಯಸ್ಸು 17 ತುಂಬಿರಬೇಕು, 35 ದಾಟಿರಬಾರದು. ಮದುವೆ ಆಗಿದ್ದರೆ, ಮಗು ಇದ್ದರೆ ಸೇರಿಸಲ್ಲ ಅನ್ನುವುದು ಬರೀ ಮಾತು.

ಪಿಯುಸಿ ಆಗಿಲ್ಲವೇ? ಈಗ ಬರೆಯಬಹುದು. ದಿನಾ ಕಾಲೇಜಿಗೆ ಹೋಗದೆ, ಖಾಸಗಿಯಾಗಿ ಕಲಾ ವಿಭಾಗದ ಪರೀಕ್ಷೆ ಕಟ್ಟಬಹುದು. ಹತ್ತಿರದ ಸರ್ಕಾರಿ ಪಿಯು ಕಾಲೇಜಿಗೆ ಹೋಗಿ ಕೇಳಿ. ಪಿಯುಸಿ ಫೇಲಾಗಿದ್ದರೆ ಮತ್ತೆ ಕಟ್ಟಿ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಯುತ್ತಿದೆ. ರಾಷ್ಟ್ರೀಯ ಮುಕ್ತ ಶಾಲೆಯ 12ನೇ ತರಗತಿಯನ್ನೂ ನರ್ಸಿಂಗ್‌ಗೆ ಒಪ್ಪುತ್ತಾರೆ. ಹೊಸದಾಗಿ ಬರೆದ ಪರೀಕ್ಷೆಯ ಅಂಕ ಹೊಸದು. ಹಳೆಯ 37 ಅಡ್ಡ ಬರಲ್ಲ.

ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದರು. ಈ ಕೇಂದ್ರ ಕಾಡಿನ ಜನರ ಹೆಣ್ಣುಮಕ್ಕಳಿಗೇ ಎ.ಎನ್.ಎಂ. ತರಬೇತಿ ಕೊಟ್ಟಿತು. ಯಾಕೆ? ಪೋಡಿನಲ್ಲಿ ಹುಟ್ಟಿದವಳಿಗೆ ಪೋಡಿನ ಮಾತು ಗೊತ್ತು, ದಾರಿ ಗೊತ್ತು. ಹೆರಿಗೆ ನೋವು ಬಂದ ಸೋಲಿಗ ಹೆಂಗಸು ಅವಳ ಹತ್ತಿರ ನಾಚಿಕೆ ಪಡಲ್ಲ. ಹೆಚ್ಚು ಅಂಕ ತಗೊಂಡು ಪೇಟೆಯಿಂದ ಬಂದವರು ಕಾಡಲ್ಲಿ ಎಷ್ಟು ದಿನ ಉಳಿದಾರು?

ಕಷ್ಟವನ್ನೂ ಹೇಳಬೇಕು. ಜಿ.ಎನ್.ಎಂ. ಪುಸ್ತಕ ಇಂಗ್ಲಿಷಿನಲ್ಲಿ ಇರುತ್ತೆ. ಕನ್ನಡ ಶಾಲೆಯಲ್ಲಿ ಓದಿದವರಿಗೆ ಮೊದಲ ವರ್ಷ ಬಲು ಕಷ್ಟ. ರಾತ್ರಿ ಪಾಳಿ ಇರುತ್ತೆ. ಹಾಸ್ಟೆಲಿನಲ್ಲಿ ಇರಬೇಕಾದರೆ ಮಗುವನ್ನು ಯಾರು ನೋಡ್ತಾರೆ? ಅತ್ತೆ, ಗಂಡ, ತಾಯಿ ಎಲ್ಲರೂ ಸೇರಿ ಕೂತು ಸೇರುವ ಮೊದಲೇ ಇದನ್ನು ಮಾತಾಡಿಕೊಳ್ಳಿ. ಫೀಸನ್ನೂ ಮೊದಲೇ ವಿಚಾರಿಸಿ. ಸರ್ಕಾರಿ ಶಾಲೆಯಲ್ಲಿ ಖರ್ಚು ಕಡಿಮೆ, ಸೀಟೂ ಕಡಿಮೆ. ಅಲ್ಲಿ ಅಂಕ ಹೆಚ್ಚಿದ್ದವರಿಗೆ ಮೊದಲು ಸಿಗುತ್ತೆ. ಅದಕ್ಕೇ ಪಾಸಾದರೆ ಸಾಕು ಅಂತ ಬರೆಯಬೇಡಿ.

"ಅಂಕ ಬೇಡ, ದುಡ್ಡು ಕೊಡಿ, ಆರೇ ತಿಂಗಳಲ್ಲಿ ನರ್ಸ್ ಮಾಡ್ತೀವಿ" ಅನ್ನುವವರೂ ಸಿಗುತ್ತಾರೆ. ನಂಬಬೇಡಿ. ಓದು ಮುಗಿದ ಮೇಲೆ ಬೆಂಗಳೂರಿನ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಣಿ ಆಗಬೇಕು. ಆಗದಿದ್ದರೆ ಅವಳು ಕಾನೂನಿನ ಪ್ರಕಾರ ನರ್ಸ್ ಅಲ್ಲ. ದುಡ್ಡು ಕಟ್ಟುವ ಮೊದಲು "ನಿಮ್ಮ ಶಾಲೆಗೆ ಪರಿಷತ್ತಿನ ಮಾನ್ಯತೆ ಇದೆಯಾ? ಈ ವರ್ಷದ ಪತ್ರ ತೋರಿಸಿ" ಎಂದು ಕೇಳಿ. ಪತ್ರವನ್ನು ನೀವೇ ಓದಿ. ದುಡ್ಡಿಗೆ ರಸೀದಿ ಪಡೆಯಿರಿ.

ಅಂಕಪಟ್ಟಿ ಕಳೆದುಹೋಗಿದ್ದರೆ ಓದಿದ ಶಾಲೆಗೇ ಹೋಗಿ. ಪರೀಕ್ಷೆ ಕಟ್ಟಿದ ವರ್ಷ ಮತ್ತು ನೋಂದಣಿ ಸಂಖ್ಯೆ ಹೇಳಿದರೆ, ಎರಡನೇ ಪ್ರತಿಗೆ ಅರ್ಜಿ ಹಾಕುವ ದಾರಿಯನ್ನು ಹೆಡ್‌ಮಾಸ್ಟರು ತಿಳಿಸುತ್ತಾರೆ.